ಇನ್ನೂರನೇ ಮನೆಯ ಹೊಸ್ತಿಲು

ಹೊಳೆನರಸೀಪುರ
೧೨ ನವೆಂಬರ್ ೨೦೦೩

ಪಟ್ಟಾಭಿ,

ಆಶೀರ್ವಾದ ಮಾಡುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ, ಅದಕ್ಕೇ ಮಾಡಿದ್ದೇನೆ. ತೆಗೆದುಕೋ.

ನಿನ್ನೆ ನೀನು ಫೋನು ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. "ಚಳಿ ಶುರುವಾಯ್ತು, ಮಹಡಿ ಮೇಲೆ ಕಿಟಕಿ ಹಾಕ್ಕೊಂಡು ಮಲಕ್ಕೋಬೇಕಂತೆ ಅಂತ ಹೇಳಿ," ಎಂದು ನಿನ್ನ ಭಾವನ ಕಿವಿಯಲ್ಲಿ ಉಸುರಿದೆ. ಅವರು ಫೋನು ಇಟ್ಟಮೇಲೆ ನನ್ನ ಕಡೆ ತಿರುಗಿ, "ನಾನೇನು ಲೌಡ್ ಸ್ಪೀಕರ್ರೇನೇ? ಅಕ್ಕ ತಮ್ಮ ನಿಮ್ಮ ನಿಮ್ಮಲ್ಲೇ ಏನಾದರೂ ಮಾಡ್ಕೊಳ್ಳಿ, ನನ್ನ ಬಿಟ್ಟುಬಿಡಿ," ಅಂದರು. ಅದಕ್ಕೇ ಈ ಇನ್‌ಲ್ಯಾಂಡ್ ಕಾಗದ. ನಾನು ಹರಕೆ ಹೊತ್ತಿರುವುದು ಮಾತಾಡುವುದಿಲ್ಲ ಅಂತ. ಬರೆಯುವುದಿಲ್ಲ ಅಂತ ಹೊತ್ತಿಲ್ಲ. ನರಸಿಂಹಸ್ವಾಮಿಯ ಮುಂದೆ ಅವತ್ತು ಹೇಳಿದ್ದನ್ನು ಒಂದಕ್ಷರ ಬಿಡದ ಹಾಗೆ ಜ್ಞಾಪಿಸಿಕೊಂಡು ನೋಡಿದೆ. ಕಾಗದದ ಸುದ್ದಿಯೇ ಅದರಲ್ಲಿಲ್ಲ.

ಇದೆಲ್ಲ ನಿನಗೆ ತಮಾಷೆ ಅಂತ ಭಾವ ಹೇಳುತ್ತಾರೆ. ತಮಾಷೆಯಲ್ಲ ಕಣೋ. ಚನ್ನರಾಯಪಟ್ಟಣದವರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಅಂತ ನಾನು ಬೆಳಗ್ಗೆಯಿಂದ ಜಮಖಾನದ ಮೇಲೆ ಕೂತೇ ಇದ್ದೆ. ಕೇಸರಿಬಾತು ಆರುತ್ತಿತ್ತು, ಒಳಗೆ ಹೋಗಿ ಬಿಸಿಯಾಗಿ ಬರುತ್ತಿತ್ತು, ಮತ್ತೆ ಆರುತ್ತಿತ್ತು. ಹೈವೇಯಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಹುಡುಗಿಯ ತಂದೆ ಬಾಗಿಲಿಗೆ ಹೋಗಿ ಬರುತ್ತಿದ್ದರು. ನೀನು ಬರಲೇ ಇಲ್ಲ. ಕೊನೆಗೆ ಅವರ ಮನೆ ಅಜ್ಜಿ ನನ್ನ ಪಕ್ಕ ಬಂದು ಕೂತು, ಮೆತ್ತಗೆ, "ಹುಡುಗ ಅಂತ ಒಬ್ಬ ಇರೋದು ನಿಜಾನೇನಮ್ಮ?" ಅಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಊರಿಗೆ ಬಂದವಳು ಕೈಕಾಲು ತೊಳೆದು ನೇರ ದೇವಸ್ಥಾನಕ್ಕೆ ಹೋಗಿ, "ಇವನು ಹೆಂಡತಿಯನ್ನು ಕರಕೊಂಡು ಬಂದು ನನ್ನ ಮುಂದೆ ನಿಲ್ಲುವವರೆಗೂ ಇವನ ಹತ್ತಿರ ಬಾಯಿ ಬಿಡುವುದಿಲ್ಲ," ಅಂದುಬಿಟ್ಟೆ. ಅಂದಮೇಲೆ ಮನೆಗೆ ಬಂದು ಅತ್ತೆ. ನಲವತ್ತೆರಡಾದವನು ನೀನು, ಯಾವ ಕಾಲಕ್ಕೆ ಹೆಂಡತಿ ತರುತ್ತೀಯೋ! ಅಮ್ಮ ಹೋದಮೇಲೆ ನಿನ್ನನ್ನು ಎತ್ತಿ ಆಡಿಸಿದವಳು ನಾನು. ನಿನ್ನ ಹತ್ತಿರ ಮಾತಾಡದೆ ನಾನು ಇರಬಲ್ಲೆನೇ? ಆದರೆ ಸ್ವಾಮಿಯ ಮುಂದೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮಾಡುವುದೇನಿದ್ದರೂ ನೀನೇ ಮಾಡಬೇಕು.

ಇನ್ನೊಂದು. ಎದುರು ಮನೆ ಜಯಲಕ್ಷ್ಮಮ್ಮ, "ನಿಮ್ಮ ತಮ್ಮ ಬೊಂಬಾಯಿ ಬ್ಯಾಂಕು ಬಿಟ್ಟು ಬಂದು ಹಾಸನದಲ್ಲಿ ಮನೇಲೇ ಇರ್ತಾರಂತೆ?" ಅಂತ ಕೇಳುತ್ತಾಳೆ. ಆ 'ಮನೇಲೇ' ಅನ್ನುವುದನ್ನು ಎಷ್ಟು ಉದ್ದ ಎಳೆಯುತ್ತಾಳೆ ಗೊತ್ತೇ? ನೀನು ಏನು ಕೆಲಸ ಮಾಡುತ್ತೀಯ, ನನಗೆ ತಿಳಿಯುವ ಹಾಗೆ ಬರೆ.

ಬಾಯಿ ಮುಚ್ಚಿಕೊಂಡಿರುವ
ನಿನ್ನ ಅಕ್ಕ ಚೂಡಾಮಣಿ


ಹಾಸನ
೨೩ ನವೆಂಬರ್ ೨೦೦೩

ಅಕ್ಕ,

ಕಿಟಕಿ ಹಾಕಿಕೊಂಡೇ ಮಲಗುತ್ತಿದ್ದೇನೆ.

ಜಯಲಕ್ಷ್ಮಮ್ಮನವರಿಗೆ ಹೀಗೆ ಹೇಳು. ದೊಡ್ಡ ಬ್ಯಾಂಕುಗಳಲ್ಲಿ, ವಿಮೆ ಕಂಪನಿಗಳಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಇರುತ್ತದೆ. ಮೇನ್‌ಫ್ರೇಮ್ ಅಂತ ಅದರ ಹೆಸರು. ಊರಿನವರದೆಲ್ಲ ಲೆಕ್ಕ ಅದೊಂದರಲ್ಲೇ ನಡೆಯುತ್ತದೆ. ಆ ಯಂತ್ರಕ್ಕೆ ಅದರದೇ ಮಾತಿನಲ್ಲಿ, ಇದನ್ನು ಎತ್ತು, ಅದನ್ನು ಇಡು, ಇದಕ್ಕೆ ಅದನ್ನು ಕೂಡು ಅಂತ ಒಂದೊಂದೇ ಆಜ್ಞೆಯಾಗಿ ಕೆಲಸ ಬರೆದುಕೊಡುವವನು ನಾನು. ಅಸೆಂಬ್ಲರ್ ಅನ್ನುತ್ತಾರೆ. ಬೊಂಬಾಯಿಯಲ್ಲೂ ಇದನ್ನೇ ಮಾಡುತ್ತಿದ್ದೆ. ಯಂತ್ರ ಎಲ್ಲೋ ಇರುತ್ತದೆ, ನಾನು ಈ ಮಹಡಿಯಿಂದ ಟೆಲಿಫೋನ್ ತಂತಿಯಲ್ಲಿ ಅದನ್ನು ಮುಟ್ಟುತ್ತೇನೆ. ಈಗ ಬರೆಯುತ್ತಿರುವುದು ಜನರ ಲೆಕ್ಕಪತ್ರ ಬೇರೆಯವರ ಕಣ್ಣಿಗೆ ಬೀಳದ ಹಾಗೆ ಬೀಗ ಹಾಕುವ ಪ್ರೋಗ್ರಾಮು. ಬೇರೆ ಬೇರೆ ದೇಶದವರು ಅದನ್ನು ಕೊಂಡು ಅವರವರ ಯಂತ್ರದಲ್ಲಿ ಓಡಿಸುತ್ತಾರೆ.

ಹೇಳಿದರೆ ನಗುತ್ತೀಯ, ಹೋದ ವಾರ ನನಗೆ ಮಂಗಳಾರತಿ ಆಯಿತು. ಈ ವರ್ಷ ಬಂದ ಹೊಸ ಯಂತ್ರಕ್ಕೆ ಒಂದು ಹೊಸ ಆಜ್ಞೆ ಹುಟ್ಟಿನಿಂದಲೇ ಬರುತ್ತದೆ. ಅದೊಂದನ್ನು ಹೇಳಿದರೆ ಬೀಗ ಬಿತ್ತು. ಹಳೇ ಯಂತ್ರದಲ್ಲಿ ಅದಕ್ಕೇ ಪುಟಗಟ್ಟಲೆ ಬರೆಯಬೇಕು. ನಾನು ಆಸೆಬಿದ್ದು ಹೊಸ ಆಜ್ಞೆಯನ್ನೇ ಬರೆದು ಕಳಿಸಿದೆ. ಗಿರಾಕಿಯೊಬ್ಬರ ಯಂತ್ರ ಹಳೆಯದು. ಗೊತ್ತಿಲ್ಲದ ಆಜ್ಞೆ ಸಿಕ್ಕಿದರೆ ಈ ಯಂತ್ರಗಳು ಊಹೆ ಮಾಡುವುದಿಲ್ಲ, ತಡವರಿಸುವುದೂ ಇಲ್ಲ. ಆ ಕೆಲಸವನ್ನು ಅಲ್ಲೇ ಕೆಳಗೆ ಹಾಕಿ ಸುಮ್ಮನಾಗುತ್ತವೆ. "ಬರುತ್ತದೋ ಇಲ್ಲವೋ ನೋಡದೆ ಯಾಕೆ ಕೊಟ್ಟಿರಿ?" ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ಇಲ್ಲಿಯ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಆಶಾರಾಣಿ ಅನ್ನುವವರು ಕಾಲೇಜು ಬಿಟ್ಟಮೇಲೆ ಬಂದು ನಾನು ಬರೆದದ್ದರಲ್ಲಿ ತಪ್ಪು ಹುಡುಕಿಕೊಡುತ್ತಾರೆ. ಅವರೂ ಸರಿಯಾಗಿ ಅಂದರು.

ಅಂದಹಾಗೆ ಅಕ್ಕ, ಚನ್ನರಾಯಪಟ್ಟಣದವರಿಗೆ ನನ್ನನ್ನು ಒಂದು ಮಾತೂ ಕೇಳದೆ ದಿನ ಗೊತ್ತುಮಾಡಿದ್ದು ಯಾರು? ನಾನೂ ಹಳೇ ಯಂತ್ರದ ಹಾಗೆ ಇದ್ದಲ್ಲೇ ಕೂತುಬಿಟ್ಟೆ. ಬರುವುದಿಲ್ಲ ಅಂತ ಹೇಳಿ ಕಳಿಸಬೇಕಾಗಿತ್ತು. ಆ ಅಜ್ಜಿಯ ಮಾತು ಓದಿ ನಾಚಿಕೆಯೂ ಆಯಿತು, ನಗುವೂ ಬಂತು.

ಇರುವುದು ನಿಜವಾದ
ಪಟ್ಟಾಭಿರಾಮ


ಹೊಳೆನರಸೀಪುರ
೧೮ ಜನವರಿ ೨೦೦೪

ಪಟ್ಟಾಭಿ,

ಸಂಕ್ರಾಂತಿ ಎಳ್ಳು ಬೆಲ್ಲ, ಹಿತುಕಿದ ಅವರೆಕಾಳು ಹಾಸನದ ಬಸ್ಸಿನ ಕಂಡಕ್ಟರ್ ಪುಟ್ಟಸ್ವಾಮಿ ಕೈಯಲ್ಲಿ ಕಳಿಸಿದ್ದೇನೆ. ಡಬ್ಬಿ ವಾಪಸ್ಸು ಬರಲಿ.

ನಿನ್ನ ಕಾಗದ ಓದಿದ ಮಾರನೆಯ ದಿನವೇ ಆ ಬಿದ್ದ ಯಂತ್ರಕ್ಕೆ ಒಂದು ಅರ್ಚನೆ ಮಾಡಿಸಿದೆ. ಅರ್ಚಕರು ತಟ್ಟೆ ಹಿಡಿದುಕೊಂಡು "ಯಾರ ಹೆಸರಲ್ಲಮ್ಮ?" ಅಂದರು. "ಒಂದು ಕಂಪ್ಯೂಟರ್ ಹೆಸರಲ್ಲಿ," ಅಂದೆ. ಅವರು ತಟ್ಟೆ ಕೆಳಗಿಟ್ಟರು.

"ಅದಕ್ಕೆ ನಕ್ಷತ್ರ?"

"ಗೊತ್ತಿಲ್ಲ. ನಮ್ಮ ತಮ್ಮಂದು ಹಾಕಿ, ಪುಷ್ಯ."

"ಗೋತ್ರ?"

"ಫಾರಿನ್‌ದು ಸ್ವಾಮಿ, ಗೋತ್ರ ಇರಲ್ಲ."

"ಅದೂ ಸರಿ," ಅಂತ ಅಂದವರೇ ಸೊಗಸಾಗಿ ಮಾಡಿಕೊಟ್ಟರು. ಎದ್ದಿತೇ ಹೇಗೆ? ಎದ್ದಿದ್ದರೆ ಅವರಿಗೂ ಹೇಳಬೇಕು, ದಿನಾ ಕೇಳುತ್ತಾರೆ.

ಕೇಳದೆ ದಿನ ಇಟ್ಟದ್ದು ನನ್ನದೇ ತಪ್ಪು, ಒಪ್ಪಿದೆ. ಇನ್ನು ಮೇಲೆ ಕೇಳುತ್ತೇನೆ. ಈಗಲೇ ಒಂದು ಕೇಳುತ್ತೇನೆ. ಆ ಆಶಾರಾಣಿ ಅನ್ನುವವರು ಯಾವ ಊರಿನವರು? ಸಾಯಂಕಾಲ ಬಂದವರಿಗೆ ಕಾಫಿಯಾದರೂ ಮಾಡಿಕೊಡುತ್ತೀಯಾ, ಇಲ್ಲ ಆ ತಂತಿ ತೋರಿಸಿ ಕಳಿಸುತ್ತೀಯಾ? ಮದುವೆ ಆಗಿದೆಯೇ? ಸುಮ್ಮನೆ ಕೇಳಿದೆ.

ಅಕ್ಕ
ಚೂಡಾಮಣಿ


ಹಾಸನ
೯ ಜೂನ್ ೨೦೦೪

ಅಕ್ಕ,

ಉತ್ತರ ತಡವಾಯಿತು. ಡಬ್ಬಿ ಕಳಿಸಿದ್ದೇನೆ.

ಯಂತ್ರ ಎದ್ದಿತು. ಆದರೆ ಅರ್ಚಕರಿಗೆ ಹೇಳುವ ಮುಂಚೆ ಪೂರ್ತಿ ಕೇಳು, ನಾನು ಇನ್ನೊಂದು ತಪ್ಪು ಮಾಡಿದೆ.

ನೋಡದೆ ಕೊಟ್ಟು ಬೈಸಿಕೊಂಡೆನಲ್ಲ, ಈ ಸಲ ನೋಡಿ ಕೊಡೋಣ ಅಂತ ಯಂತ್ರದ ಮಾಡೆಲ್ ನಂಬರ್ ನೋಡಿಕೊಂಡೆ. ಇಂಥ ದೊಡ್ಡ ಮಾಡೆಲ್ ಆದರೆ ಹೊಸ ಆಜ್ಞೆ, ಬೇರೆ ಯಾವುದೇ ಆದರೂ ಹಳೇ ಸುತ್ತು ದಾರಿ. ಚೆನ್ನಾಗಿಯೇ ನಡೆಯುತ್ತಿತ್ತು. ಹೋದ ತಿಂಗಳು ಒಂದು ಚಿಕ್ಕ ಮಾಡೆಲ್ ಹೊಸದಾಗಿ ಬಂತು. ನನಗೆ ಅದು ಗೊತ್ತಿರಲಿಲ್ಲ. ಅದಕ್ಕೂ ಆ ಆಜ್ಞೆ ಬರುತ್ತದೆ, ದೊಡ್ಡದಕ್ಕೆ ಬಂದಷ್ಟೇ ಚೆನ್ನಾಗಿ ಬರುತ್ತದೆ. ನನ್ನ ಪ್ರೋಗ್ರಾಮು ಮಾತ್ರ ಅದನ್ನು ಕಂಡು, ಇದು ಹಳೆಯದೇ ಇರಬೇಕು ಅಂದುಕೊಂಡು ಸುತ್ತು ದಾರಿಯಲ್ಲಿ ಎಳೆದಾಡಿತು. "ಹೊಸ ಯಂತ್ರ ತಂದರೂ ಹಳೆಯದರಷ್ಟೇ ನಿಧಾನವಲ್ಲ ಸ್ವಾಮಿ!" ಅಂತ ಗಿರಾಕಿ ಗೋಳಾಡಿದ.

ನಾನು ಆ ಚಿಕ್ಕ ಮಾಡೆಲ್ಲಿನ ನಂಬರನ್ನೂ ಸೇರಿಸಲು ಕೂತೆ. ಆಶಾ ನನ್ನ ಹಿಂದೆ ನಿಂತು ನೋಡುತ್ತಿದ್ದವರು, "ನಾಳೆ ಇನ್ನೊಂದು ಬಂದ್ರೆ ಅದನ್ನೂ ಸೇರಿಸ್ತೀರಾ, ನಾಡಿದ್ದು ಮತ್ತೊಂದು? ಮಾಡೆಲ್ ಕಟ್ಕೊಂಡು ಏನ್ಮಾಡ್ತೀರಾ ಸಾರ್? ಬರುತ್ತೋ ಇಲ್ವೋ ಅಂತ ಅದೇ ಹೇಳುತ್ತಲ್ಲ, ಅಲ್ಲಿ ಹೋಗಿ ನೋಡಿ," ಅಂದರು. ನನಗೂ ಗೊತ್ತಿದ್ದ ಸಂಗತಿಯೇ, ಆದರೆ ಹೊಳೆದಿರಲಿಲ್ಲ.

ಅಕ್ಕ, ಯಂತ್ರದ ನೆನಪಿನಲ್ಲಿ ಜಾಗಗಳಿಗೆ ಬೀದಿಯ ಮನೆಗಳ ಹಾಗೆ ನಂಬರ್ ಇರುತ್ತದೆ. ಬೆಳಗ್ಗೆ ಯಂತ್ರವನ್ನು ಚಾಲೂ ಮಾಡಿದ ಕೂಡಲೇ, ಅದನ್ನು ನೋಡಿಕೊಳ್ಳುವ ಮೂಲ ಪ್ರೋಗ್ರಾಮು ನಿನಗೆ ಏನೇನು ಬರುತ್ತದೆ ಅಂತ ಕೇಳಿ ಇನ್ನೂರನೇ ಮನೆಯಲ್ಲಿ ಗುರುತು ಹಾಕಿಡುತ್ತದೆ. ಬರುವುದಕ್ಕೆ ಒಂದು, ಬಾರದ್ದಕ್ಕೆ ಸೊನ್ನೆ. ಈ ಜಾತಿಯ ಯಾವ ಯಂತ್ರವಾದರೂ ಸರಿ, ಜಾಗ ಅದೇ. ತೀರ ಹಳೆಯದಾದರೆ ಅಲ್ಲಿ ಬರೀ ಸೊನ್ನೆ ಇರುತ್ತದೆ. ನಾನು ಮಾಡಬೇಕಾದ್ದು ಇಷ್ಟೇ. ಅಲ್ಲಿಗೆ ಹೋಗಿ ನೋಡುವುದು, ಒಂದಿದ್ದರೆ ಹತ್ತಿರದ ದಾರಿ, ಸೊನ್ನೆ ಇದ್ದರೆ ಸುತ್ತು ದಾರಿ. ಎರಡೂ ಬರೆದಿಟ್ಟಿರಬೇಕು. ಎರಡೂ ಅದೇ ಊರಿಗೆ ಹೋಗಿ ಸೇರುತ್ತವೆ.

ಆಶಾ ಹೇಳಿದ ಮೇಲೆ ಹಾಗೇ ಬದಲಾಯಿಸಿದೆ. ಆಶಾ ನಾಳೆ ಪರೀಕ್ಷೆ ಮಾಡುತ್ತಾರೆ. ಅಂದಹಾಗೆ ಕಾಫಿ ಮಾಡಿಕೊಡುತ್ತೇನೆ. ಆಶಾಗೆ ಡಿಕಾಕ್ಷನ್ ಗಟ್ಟಿಯಿರಬೇಕು.

ಪಟ್ಟಾಭಿ


ಹೊಳೆನರಸೀಪುರ
೧೬ ಜೂನ್ ೨೦೦೪

ಪಟ್ಟಾಭಿ,

ನಾಡಿದ್ದು ಆಷಾಢ ಬರುತ್ತದೆ, ಅದಕ್ಕೆ ಮುಂಚೆ ಬರೆದು ಮುಗಿಸುತ್ತೇನೆ.

ನಿನ್ನ ಇನ್ನೂರನೇ ಮನೆ ನನಗೆ ಚೆನ್ನಾಗಿ ಅರ್ಥವಾಯಿತು. ನಾವು ಅರಿಸಿನ ಕುಂಕುಮಕ್ಕೆ ಕರೆಯಲು ಬೀದಿಯಲ್ಲಿ ಹೊರಟಾಗ ಏನು ಮಾಡುತ್ತೇವೆ? ಹೊಸ್ತಿಲು ನೋಡುತ್ತೇವೆ. ನೀರು ಹಾಕಿ ರಂಗೋಲಿ ಎಳೆದಿದ್ದರೆ ಒಳಗೆ ಹೋಗುತ್ತೇವೆ. ಇಲ್ಲದಿದ್ದರೆ ಸೂತಕವೋ ಏನೋ ಅಂತ ಮುಂದಿನ ಮನೆಗೆ ನಡೆಯುತ್ತೇವೆ. ಯಾರನ್ನೂ ಕರೆದು, "ನಿಮ್ಮನೇಲಿ ಯಾರಾದರೂ ಹೋದರಾ?" ಅಂತ ಕೇಳುವುದುಂಟೇ? ದೊಡ್ಡ ಮನೆ, ಚಿಕ್ಕ ಮನೆ, ಹೆಂಚಿನದು, ತಾರಸಿಯದು ಅಂತ ನೋಡುವುದೂ ಇಲ್ಲ. ಎಲ್ಲರ ಮನೆಗೂ ಹೊಸ್ತಿಲು ಒಂದೇ ಕಡೆ ಇರುತ್ತದೆ. ನಿನ್ನ ಭಾವನಿಗೆ ಹೀಗೆ ಹೇಳಿದೆ. "ಅವನು ಕಾಲೇಜಿಗೆ ಹೋಗಿ ಕಲಿತದ್ದನ್ನು ನೀನು ಸೆಗಣಿ ಸಾರಿಸ್ತಾ ಕಲಿತುಬಿಟ್ಟೆ," ಅಂತ ಚುಡಾಯಿಸಿದರು.

ಯಂತ್ರದ ಮಾತು ಅಲ್ಲಿಗಾಯಿತು. ಈಗ ನಿನ್ನ ಮಾತು.

ಮೊದಲನೇ ಕಾಗದದಲ್ಲಿ "ಆಶಾರಾಣಿ ಅನ್ನುವವರು" ಆಗಿದ್ದವರು ಈ ಕಾಗದದಲ್ಲಿ ಬರೀ ಆಶಾ ಆಗಿದ್ದಾರೆ. ಯಾವ ಊರು ಅಂತ ಕೇಳಿದೆ, ಹೇಳಲಿಲ್ಲ. ಮದುವೆ ಆಗಿದೆಯೇ ಅಂತ ಕೇಳಿದೆ, ಅದಕ್ಕೂ ಉತ್ತರವಿಲ್ಲ. ಡಿಕಾಕ್ಷನ್ ಗಟ್ಟಿ ಇರಬೇಕು ಅಂತ ಮಾತ್ರ ಬರೆದೆ. ನಾನು ಕಾಗದ ಓದುವುದು ಹೇಗೆ ಅಂತ ಮರೆತೆಯಾ? ಅವಳನ್ನು ಮದುವೆಯಾಗಬೇಕು ಅಂತ ಇದ್ದೀಯ. ನನಗೆ ಹೇಳುವುದಕ್ಕೆ ಭಯ. ಯಾಕೆ ಭಯ? ಅಕ್ಕನಿಗೆ ಐವತ್ತಾಯಿತು, ಹಳ್ಳಿ ಶಾಲೆ ಓದಿದವಳು, ಮಡಿ, ಏಕಾದಶಿ, ದಿನಾ ದೇವಸ್ಥಾನ. ಇವಳಿಗೆ ಹೇಳಿದರೆ ಅಲ್ಲೇ ಬಿದ್ದುಹೋಗುತ್ತಾಳೆ ಅಂತ ತಾನೇ?

ಮಾಡೆಲ್ ನೋಡಿ ತೀರ್ಮಾನ ಮಾಡಿದೆ ಕಣೋ, ನೀನು!

ಹುಡುಗಿ ಯಾರು, ಎಲ್ಲಿಯವಳು, ನೆಟ್ಟಗೆ ಬರೆ. ನನ್ನಲ್ಲಿ ಒಂದು ಇದೆಯೋ ಸೊನ್ನೆ ಇದೆಯೋ ಅನ್ನುವುದು ನನಗೇ ಇನ್ನೂ ಗೊತ್ತಿಲ್ಲ. ನೋಡಿ ಹೇಳುತ್ತೇನೆ. ಆದರೆ ಒಂದು ಪ್ರಶ್ನೆ. ಎರಡೂ ದಾರಿ ಬರೆದಿಟ್ಟಿರಬೇಕು ಅಂತ ದೊಡ್ಡದಾಗಿ ಬರೆದಿದ್ದೀಯಲ್ಲ, ನನ್ನಲ್ಲಿ ಸೊನ್ನೆ ಸಿಕ್ಕಿದರೆ ನೀನು ಯಾವ ದಾರಿ ಬರೆದಿಟ್ಟುಕೊಂಡಿದ್ದೀಯ?

ಅಕ್ಕ
ಚೂಡಾಮಣಿ


ಹಾಸನ
೨೧ ಜೂನ್ ೨೦೦೪

ಅಕ್ಕ,

ಹೌದು.

ನಿನಗೆ ಹತ್ತಿರದವರೇ, ಹಳ್ಳಿಮೈಸೂರು. ಗೌಡರ ಮನೆ. ತಂದೆ ರಾಮಣ್ಣ, ಹೊಲ ತೋಟ ಮಾಡಿಕೊಂಡಿದ್ದಾರೆ. ತಾಯಿ ಚಿಕ್ಕಲಕ್ಷ್ಮಮ್ಮ. ಆಶಾಗೆ ಮೂವತ್ತಾರು. ತಮ್ಮಂದಿರ ಓದು, ಮದುವೆ ಅಂತ ಓಡಾಡುವುದರಲ್ಲಿ ತನ್ನದು ಹಿಂದೆ ಬಿತ್ತು ಅನ್ನುತ್ತಾಳೆ. ಮನೆಯಲ್ಲಿ ಹೇಳಿದ್ದಾಳೆ. ಅವರಮ್ಮನಿಗೆ ನನ್ನ ಮೇಲೆ ದೂ‌ರೇನೂ ಇಲ್ಲ, ನಿನ್ನ ಮೇಲೆ ಇದೆ. "ಅವರಕ್ಕ ಬೋ ಮಡಿಯಂತೆ ಕಣವ್ವಾ. ನಾಳೆ ನಮ್ಮನೇಲಿ ಒಂದ್ ಲೋಟ ನೀರ್ ಕುಡೀದೇ ಓದ್ರೆ ನಾನ್ ಬೀದೀಲಿ ತಲೆ ಎತ್ತಾದೆಂಗೆ?" ಅನ್ನುತ್ತಾರಂತೆ.

ಎರಡನೇ ದಾರಿ ಕೇಳಿದೆ. ನಿನ್ನನ್ನು ಬಿಟ್ಟು ಮದುವೆಯಾಗುವುದು ನನಗೆ ಬರೆಯಲಿಕ್ಕೆ ಬರಲಿಲ್ಲ. ಅವಳನ್ನು ಬಿಡುವುದೂ ಬರಲಿಲ್ಲ. ಒಂದೇ ದಾರಿಯ ಪ್ರೋಗ್ರಾಮು ಇದು, ಕೆಟ್ಟ ಪ್ರೋಗ್ರಾಮು.

ಪಟ್ಟಾಭಿ


ಹಾಸನ
೨ ಆಗಸ್ಟ್ ೨೦೦೪

ಅಕ್ಕ,

ಕಾಗದ ಬರಲಿಲ್ಲ. ಫೋನಿನಲ್ಲಿ ಭಾವ, "ದೇವಸ್ಥಾನಕ್ಕೆ ಹೋಗಿದ್ದಾಳೆ," ಅನ್ನುತ್ತಾರೆ. ಯಾವಾಗ ಮಾಡಿದರೂ ದೇವಸ್ಥಾನಕ್ಕೆ ಹೋಗಿರುತ್ತೀಯ. ಸೊನ್ನೆಯಾದರೂ ಸರಿ, ಬರೆ.

ಪಟ್ಟಾಭಿ


ಹೊಳೆನರಸೀಪುರ
೩೦ ಆಗಸ್ಟ್ ೨೦೦೪

ಪಟ್ಟಾಭಿ,

ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂತು. ಒಳ್ಳೆಯ ಮಾತಿಗೆ ದಿನವಿರಲಿಲ್ಲ ಅನ್ನುವುದು ಒಂದು ನೆಪ. ನಿಜ ಹೇಳುತ್ತೇನೆ, ನಿನ್ನ ಕಾಗದ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಹುಡುಗಿ ಮೇಲೆ ಏನಿದೆ, ಪಾಪ. ನನ್ನ ಮೇಲೆಯೇ ನನಗೆ ಧೈರ್ಯ ಸಾಲದು. ಸುತ್ತ ಮುತ್ತಲಿನವರು, ಪೂಜೆ, ಹಬ್ಬ, ಶ್ರಾದ್ಧ, ಹಿರಿಯರು, ಇದೆಲ್ಲ ಹೇಗೆ ಅಂತ. ದಿನಾ ಹೋಗಿ ಸ್ವಾಮಿಯ ಮುಂದೆ ಕೂತುಕೊಳ್ಳುತ್ತಿದ್ದೆ. ಒಂದು ದಿನ ಮಂಗಳಾರತಿಯ ಬೆಳಕಿನಲ್ಲಿ ಆ ಮುಖ ನೋಡುತ್ತಿದ್ದಾಗ ಅನ್ನಿಸಿತು. ಕಂಬ ಒಡೆದು ಬಂದವನು, ಮೇಲೆ ಸಿಂಹ, ಕೆಳಗೆ ಮನುಷ್ಯ. ಇವನದು ಯಾವ ಕುಲ ಅಂತ ಹುಟ್ಟಿದಾಗಿನಿಂದ ನಾನು ಕೇಳಿಲ್ಲವಲ್ಲ! ಕೈಮುಗಿದುಕೊಂಡೇ ಬಂದಿದ್ದೇನೆ.

ಮನೆಗೆ ಬಂದು ನಿನ್ನ ಭಾವನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಹರಕೇಲಿ ಹೆಂಡತಿ ಅಂತ ಹೇಳಿದ್ಯೋ, ಇಂಥವರ ಮನೆ ಹೆಂಡತಿ ಅಂತ ಹೇಳಿದ್ಯೋ?" ಅಂದರು. ಒಂದಕ್ಷರ ಬಿಡದ ಹಾಗೆ ಮತ್ತೆ ಜ್ಞಾಪಿಸಿಕೊಂಡೆ. ಬರೀ ಹೆಂಡತಿ ಅಂತಲೇ ಇತ್ತು.

ಅಧಿಕ ಮುಗಿಯಲಿ ಅಂತ ಕಾದೆ. ನಿಜ ಶ್ರಾವಣದಲ್ಲಿ ಏಕಾದಶಿಗಿಂತ ಒಳ್ಳೆಯ ದಿನ ಯಾವುದು ಅಂತ, ಹೂವು ಹಣ್ಣು ತೆಗೆದುಕೊಂಡು ಒಬ್ಬಳೇ ಹಳ್ಳಿಮೈಸೂರು ಬಸ್ಸು ಹತ್ತಿದೆ. ನಿನಗೆ ಹೇಳಲಿಲ್ಲ. ಅವರಿಗೆ ಮಾತ್ರ ಹಿಂದಿನ ದಿನ ಪುಟ್ಟಸ್ವಾಮಿ ಕೈಯಲ್ಲಿ ಹೇಳಿ ಕಳಿಸಿದ್ದೆ, ಕೇಳದೆ ಹೋಗಬಾರದು ಅಂತ ನೀನೇ ಕಲಿಸಿದ್ದೀಯಲ್ಲ.

ಹೊಸ್ತಿಲಲ್ಲಿ ದೊಡ್ಡ ರಂಗೋಲಿ. ಚಿಕ್ಕಲಕ್ಷ್ಮಮ್ಮ ಬಾಗಿಲಿಗೇ ಬಂದು, "ಬನ್ರವ್ವಾ, ಒಳೀಕ್ ಬನ್ನಿ," ಅಂತ ಕೈಹಿಡಿದು ಕರೆದುಕೊಂಡು ಹೋದರು. ರಾಮಣ್ಣನವರು ಟವೆಲ್ಲಿನಿಂದ ಕುರ್ಚಿ ಒರೆಸಿದರು. ಒಬ್ಬಟ್ಟಿನ ವಾಸನೆ ಮನೆ ತುಂಬ. ಕಾಫಿ ಬಂತು, ಒಬ್ಬಟ್ಟು ತುಪ್ಪ ಬಂತು. ನಾನು, "ಇವತ್ತು ಏನೂ ಬೇಡಮ್ಮ," ಅಂದೆ. ಹಾಲು ತಂದರು. "ಅದೂ ಬೇಡ." ನೀರು ತಂದರು. "ನೀರೂ ಮುಟ್ಟಲ್ಲ," ಅಂತ ನಕ್ಕೆ.

ನಕ್ಕವಳು ನಾನೊಬ್ಬಳೇ. ಆಕೆಯ ಮುಖ ಸಣ್ಣದಾಯಿತು. ಲೋಟ ತೆಗೆದುಕೊಂಡು ಒಳಗೆ ಹೋದರು. ಒಳಗೆ ರಾಮಣ್ಣನವರ ದನಿ, "ಬುಡಮ್ಮಿ, ನಾನ್ ಮದ್ಲೇ ಯೋಳ್ನಿಲ್ವಾ? ಅವರು ನಮ್ಮನೇಲಿ ಎಲ್ ಕುಡಿದಾರು. ಬಂದ್ರಲ್ಲ, ಅದೇ ದೊಡ್ದು," ಅಂತ ಕೇಳಿಸಿತು.

ಆಗ ನನಗೆ ತಲೆಗೆ ಹೋಯಿತು. ಇಡೀ ವರ್ಷದಲ್ಲಿ ಒಳ್ಳೆಯ ದಿನ ಅಂತ ಹುಡುಕಿ, ಒಂದು ತೊಟ್ಟು ನೀರೂ ಕುಡಿಯಬಾರದ ದಿನವೇ ಅವರ ಮನೆಗೆ ಹೋಗಿ ಕೂತಿದ್ದೇನೆ! ಸೀದಾ ಅಡುಗೆ ಮನೆಗೆ ನುಗ್ಗಿದೆ. "ಅಯ್ಯೋ, ಇವತ್ತು ಏಕಾದಶಿ ಕಣ್ರೀ. ನಮ್ಮ ಮನೇಲಿದ್ರೂ ನಾನು ಕುಡಿಯಲ್ಲ," ಅಂದೆ.

ಚಿಕ್ಕಲಕ್ಷ್ಮಮ್ಮ ಒಲೆ ಕಡೆ ಮುಖ ಮಾಡಿಕೊಂಡೇ, "ಏಕಾದ್ಸೀನೋ ಏನೋ, ನಮ್ಗೇನ್ ಗೊತ್ತಾದದು ತಾಯಿ. ತಪ್ಪಿಸ್ಕಳ್ಳೋರು ಏನಾರ ಒಂದ್ ಯೋಳ್ತಾರೆ," ಅಂದರು. ಆಕೆಯ ತಪ್ಪಿಲ್ಲ. ಆ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

"ಹಾಗಾದರೆ ಒಂದು ಚಾಪೆ ಕೊಡಿ," ಅಂದೆ. "ರಾತ್ರಿ ಇಲ್ಲೇ ಮಲಗ್ತೀನಿ. ನಾಳೆ ದ್ವಾದಶಿ, ಬೆಳಗ್ಗೆ ಎದ್ದು ಸ್ನಾನ ಮಾಡಿ ನಿಮ್ಮ ಕೈ ಅಡುಗೇನೇ ಉಂಡು ಉಪವಾಸ ಬಿಡ್ತೀನಿ. ಆಮೇಲೆ ಹೇಳಿ ತಪ್ಪಿಸ್ಕೊಂಡ್ನೋ ಇಲ್ವೋ ಅಂತ."

ಆಕೆ ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ದಿಟ್ವಾಗ್ಲೂ?"

"ದಿಟವಾಗ್ಲೂ."

"ಅಂಗಾರೆ ಈರುಳ್ಳಿ ಆಕ್ಬೋದಾ?"

"ಬೇಡ."

"ಬೆಳ್ಳುಳ್ಳಿ?"

"ಅದೂ ಬೇಡ."

"ಇನ್ನೇನೇನ್ ಬ್ಯಾಡ, ಒಂದೇ ಸತಿ ಯೋಳ್ಬುಡಿ ತಾಯಿ. ಬೆಳಿಗ್ಗೆ ಉಣ್ಣಾಕ್ ಕೂತಾಗ ಎದ್ಬುಟ್ರೆ ನನ್ ಪ್ರಾಣ ಓಯ್ತದೆ."

ಪಟ್ಟಾಭಿ, ನಿನ್ನ ಪ್ರೋಗ್ರಾಮು ಬರೆಯುವುದಕ್ಕೆ ಈಕೆ ಸರಿ. ನಾನು ಏನು ತಿನ್ನುತ್ತೇನೆ ಏನು ತಿನ್ನುವುದಿಲ್ಲ ಅಂತ ಒಂದೊಂದಾಗಿ ಬಾಯಿಬಿಡಿಸಿದ ಮೇಲೆಯೇ ಮಲಗಲು ಬಿಟ್ಟರು. ದ್ವಾದಶಿಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಶ್ರೇಷ್ಠ ಅಂದೆ. ಆಕೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಗಸೆ ಸೊಪ್ಪಾ? ತ್ವಾಟದಾಗ್ ಬೇಕಾದಂಗ್ ಅದೆ. ನಾವ್ ಅದನ್ನ ಮ್ಯಾಕೇಗ್ ಆಕ್ತೀವಿ ಕಣ್ರವ್ವಾ! ಬೀಗರ್ಗೆ ಮ್ಯಾಕೆ ಸೊಪ್ ಆಕುದ್ಲು ಅಂತ ಊರೆಲ್ಲ ಆಡ್ಕತಾರೆ." ರಾಮಣ್ಣನವರು ಹೊರಗಿನಿಂದಲೇ, "ಉಪಾಸ ಮಾಡೋರು ಕೇಳ್ತಾವ್ರೆ, ಕುಯ್ಕಬತ್ತೀನಿ ಸುಮ್ಕಿರು," ಅಂದರು. ಆಗ ಶುರುವಾದ ನಗು ಮಲಗುವವರೆಗೂ ನಿಲ್ಲಲಿಲ್ಲ. 'ಬೀಗರು' ಅಂದದ್ದನ್ನು ನಾನು ಗಮನಿಸಿದೆ. ಆಕೆಯೂ ಗಮನಿಸಿ ಸೆರಗು ಸರಿಮಾಡಿಕೊಂಡರು.

ಬೆಳಗ್ಗೆ ಬಾವಿಯ ಹತ್ತಿರ ಸ್ನಾನ ಮಾಡಿ, ಅವರ ದೇವರ ಗೂಡಿನ ಮುಂದೆಯೇ ಕೂತು ನನ್ನ ಸ್ತೋತ್ರ ಹೇಳಿಕೊಂಡೆ. ಬಾಳೆ ಎಲೆಯ ಮೇಲೆ ಅನ್ನ, ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ನೆಲ್ಲಿಕಾಯಿ ತಂಬುಳಿ, ಆರಿದ ಒಬ್ಬಟ್ಟು. ಬೀದಿಯ ಹೆಂಗಸರೆಲ್ಲ ನಾನು ಉಣ್ಣುವುದನ್ನು ನೋಡಲು ಬಾಗಿಲಲ್ಲಿ ನಿಂತಿದ್ದರು. ಮೊದಲ ತುತ್ತು ಇಟ್ಟುಕೊಂಡಾಗ ಚಿಕ್ಕಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಬಾಗಿಲಿನವರಿಗೆ, "ಏನ್ ನೋಡೀರಿ? ಉಣ್ಣೋರ್ನ ಕಂಡಿಲ್ವಾ? ಓಗ್ರಮ್ಮಿ," ಅಂತ ಗದರಿದರು. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಮನೆಗೆ ಬಂದಮೇಲೆ ಜಯಲಕ್ಷ್ಮಮ್ಮ, "ಏನ್ರೀ ಚೂಡಾಮಣಿ, ಪಾರಣೆ ಬೇರೆ ಕಡೆ ಆಯ್ತಂತೆ?" ಅಂದಳು. "ಹೂಂ ಕಣ್ರೀ, ನಮ್ಮ ಬೀಗರ ಮನೇಲಿ," ಅಂದೆ. ಪಾಪ, ಅವಳು ಏನನ್ನೂ ಎಳೆಯಲಿಕ್ಕೆ ಆಗದೆ ಒಳಗೆ ಹೋದಳು.

ಆಶಾಳನ್ನು ನಾನು ನೋಡೇ ಇಲ್ಲ, ಅವಳು ಹಾಸನದಲ್ಲಿದ್ದಳು. ನೋಡುವ ಅಗತ್ಯವೂ ಕಾಣಲಿಲ್ಲ. ಇನ್ನು ನಿನ್ನ ಪ್ರಶ್ನೆಗೆ ಉತ್ತರ. ನೀನು ನೋಡಿದಾಗ ನನ್ನ ಹೊಸ್ತಿಲಲ್ಲಿ ಏನೂ ಇರಲಿಲ್ಲ, ನಿಜ. ಯಾರೂ ಕೇಳಿರಲಿಲ್ಲ, ಅದಕ್ಕೆ ಯಾರೂ ಬರೆದಿರಲಿಲ್ಲ. ಈಗ ಬಂದು ನೋಡು.

ಅಕ್ಕ
ಚೂಡಾಮಣಿ


ಹಾಸನ
೩ ಸೆಪ್ಟೆಂಬರ್ ೨೦೦೪

ಅಕ್ಕ,

ನಿನ್ನ ಕಾಗದವನ್ನು ಜೋರಾಗಿ ಓದಲು ಹೋಗಿ ಅರ್ಧಕ್ಕೆ ಆಶಾಳ ಕೈಗೆ ಕೊಟ್ಟುಬಿಟ್ಟೆ. ಉಳಿದರ್ಧ ಅವಳೇ ಓದಿದಳು. ಮ್ಯಾಕೆ ಸೊಪ್ಪಿನ ಹತ್ತಿರ ಬಂದು ಅವಳು ನಕ್ಕ ನಗುವಿಗೆ ಕೆಳಗಿನ ಮನೆಯವರು ಮೇಲೆ ಬಂದು ನೋಡಿಕೊಂಡು ಹೋದರು. "ನಮ್ಮವ್ವ ಹಂಗೆಲ್ಲ ಯಾರಿಗೂ ಹೆದರೋಳಲ್ಲ, ನಿಮ್ಮಕ್ಕ ಹೆದರಿಸಿಬಿಟ್ಟಿದಾರೆ," ಅಂದಳು.

ಪ್ರೋಗ್ರಾಮು ಈಗ ದೊಡ್ಡದು, ಚಿಕ್ಕದು, ಹಳೆಯದು ಎಲ್ಲದರಲ್ಲೂ ಓಡುತ್ತಿದೆ. ಇನ್ನೂರನೇ ಮನೆ ನೋಡಿಕೊಂಡು ಅದರದರ ದಾರಿ ಹಿಡಿಯುತ್ತದೆ. ಅರ್ಚಕರಿಗೆ ಧಾರಾಳವಾಗಿ ಹೇಳು. ಲಗ್ನ ಇಡಿಸು. ಈ ಸಲ ಕೇಳಬೇಕಾಗಿಲ್ಲ, ನೀನು ಇಟ್ಟದ್ದೇ ದಿನ. ನಾನು ಬರುತ್ತೇನೆ.

ಪಟ್ಟಾಭಿ


ಛತ್ರ, ಹೊಳೆನರಸೀಪುರ
೧ ಡಿಸೆಂಬರ್ ೨೦೦೪, ಸಾಯಂಕಾಲ

ಪಟ್ಟಾಭಿ,

ನೀನು ಗೋಡೆಯ ಆ ಕಡೆ ಇದ್ದೀಯ, ನಾನು ಈ ಕಡೆ. ನಿನ್ನ ಕೆಮ್ಮು ಕೇಳಿಸುತ್ತಿದೆ. ಈ ಕಾಗದ ತರುತ್ತಿರುವ ನಿನ್ನ ಭಾವ, "ಇಪ್ಪತ್ತು ಹೆಜ್ಜೆಗೂ ಟಪಾಲಾ?" ಅಂತ ಗೊಣಗುತ್ತಿದ್ದಾರೆ. ಅವರ ಇನ್ನೊಂದು ಕೈಯಲ್ಲಿ ಮೆಣಸಿನ ಕಷಾಯವಿದೆ. ಅವರ ಮುಂದೆಯೇ ಕುಡಿ.

ಬೆಳಗ್ಗೆಯಿಂದ ನಿನಗೆ ಸನ್ನೆ ಮಾಡಿ ಮಾಡಿ ನನ್ನ ತೋಳು ಸೋತಿದೆ. ಪಂಚೆ ಸರಿಮಾಡಿಕೋ ಅಂತ ತೋರಿಸಿದರೆ ಬಾಳೆ ಎಲೆ ತಂದುಕೊಡುತ್ತೀಯ. ಕೂತುಕೋ ಅಂದರೆ ನಮಸ್ಕಾರ ಮಾಡುತ್ತೀಯ. ಹಳ್ಳಿಮೈಸೂರಿನಿಂದ ಬಂದ ಒಬ್ಬ ಅಜ್ಜಿ ಇದನ್ನೆಲ್ಲ ನೋಡಿ, "ಪಾಪ, ಗಂಡಿನ ಅಕ್ಕಂಗೆ ಮಾತ್ ಬರಾಕಿಲ್ವಾ?" ಅಂತ ಚಿಕ್ಕಲಕ್ಷ್ಮಮ್ಮನವರನ್ನು ಕೇಳಿತು. "ಬರಾಕಿಲ್ವಾ? ನಾಳೀಕ್ ನೋಡ್ತಾ ಇರು, ನಿಲ್ಸಾಕ್ ಆಗಕಿಲ್ಲ," ಅಂದರು ಆಕೆ.

ಆಶಾ ಬಂದು ನಮಸ್ಕಾರ ಮಾಡಿದಳು. ಅವಳ ಹತ್ತಿರ ಮಾತಾಡುವುದಕ್ಕೆ ಅಡ್ಡಿಯಿಲ್ಲವಲ್ಲ, ಇಲ್ಲಿಯವರೆಗೆ ನಿನಗೆ ಹೇಳಬೇಕಾದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಸಿಕೊಂಡಳು. ಕೊನೆಗೆ, "ಇದರಲ್ಲಿ ಯಾವುದನ್ನು ಅವರಿಗೆ ಹೇಳಲಿ ಅಕ್ಕ, ಯಾವುದನ್ನು ನೀವೇ ಹೇಳ್ತೀರಾ?" ಅಂತ ಕೇಳಿದಳು. ಒಳ್ಳೆಯ ಹುಡುಗಿ ಕಣೋ. ಕೇಳಿ ಮಾಡುವವಳು.

ನಾಳೆ ಮಾಂಗಲ್ಯಧಾರಣೆ ಆದ ಕೂಡಲೇ ನನ್ನ ಹರಕೆ ತೀರುತ್ತದೆ. ಆದರೆ ಆಗ ಓಲಗದವರು ಜೋರಾಗಿ ಊದುತ್ತಿರುತ್ತಾರೆ, ಅಕ್ಷತೆ ಹಾಕುವವರ ಗಲಾಟೆ ಬೇರೆ. ನಾನು ಏನು ಹೇಳಿದರೂ ನಿನಗೆ ಕೇಳಿಸುವುದಿಲ್ಲ. ಅದಕ್ಕೆ ಎದ್ದು ಅತ್ತ ಇತ್ತ ಹೋಗಬೇಡ. ಇಬ್ಬರೂ ಮಣೆಯ ಮೇಲೆ ಕೂತಿರಿ. ಓಲಗ ನಿಲ್ಲುವವರೆಗೂ ನಾನು ಕಾಯುತ್ತೇನೆ. ಇಷ್ಟು ದಿನ ಕಾದವಳಿಗೆ ಅದೇನು ದೊಡ್ಡದಲ್ಲ.

ಆಮೇಲೆ ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಬೇರೆ ಏನೂ ಹೇಳಬೇಡ. ಓ ಅನ್ನು, ಸಾಕು.

ಅಕ್ಕ
ಚೂಡಾಮಣಿ